ದಾಕ್ಷಿಣ್ಯಕ್ಕೆ ಹೋದ ಸೀಟು

ಯಜ್ದ್ ಊರಿನಲ್ಲಿ ಯಾರ ಮನೆಗೆ ಹೋದರೂ ಒಂದು ಕ್ರಮ ಇದೆ. ಚಹಾ ತಂದಿಟ್ಟರೆ ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲ, ಈಗ ತಾನೇ ಕುಡಿದು ಬಂದೆ ಅನ್ನಬೇಕು. ಮೂರನೇ ಸಲ ಒತ್ತಾಯ ಮಾಡಿದಾಗ, ನಿಮಗ್ಯಾಕೆ ಸುಮ್ಮನೆ ತೊಂದರೆ ಎಂದು ಗೊಣಗುತ್ತ ಲೋಟಕ್ಕೆ ಕೈ ಚಾಚಬೇಕು. ಕೊಡುವವರಿಗೂ ಇದು ಗೊತ್ತು, ತಗೊಳ್ಳುವವರಿಗೂ ಗೊತ್ತು. ತಾರೋಫ್ ಅನ್ನುತ್ತಾರೆ ಇದಕ್ಕೆ. ಅಲ್ಲಿ ಹುಟ್ಟಿದ ಕೂಸಿಗೆ ತಾಯಿಹಾಲಿನ ಜೊತೆಗೇ ಇದನ್ನೂ ಕುಡಿಸಿರುತ್ತಾರೆ.

ತೂಬಾ ಖಾನಮ್ ಒಬ್ಬಳು ಮಾತ್ರ ಹಾಗಲ್ಲ. "ತಗೊಳ್ಳಿ" ಎಂಬ ಮಾತು ಮುಗಿಯುವುದರೊಳಗೆ ಅವಳು ತಗೊಂಡಾಗಿರುತ್ತದೆ. ಇನ್ನೊಂದು ತುಂಡು ಹಾಕಲೇ ಅಂದರೆ "ಹೂಂ, ಹಾಕಿ, ಚೆನ್ನಾಗಿದೆ" ಅನ್ನುತ್ತಾಳೆ. ಸಾಕಾದರೆ ಸಾಕು ಅನ್ನುತ್ತಾಳೆ, ಆಮೇಲೆ ಕುತ್ತಿಗೆ ಮೇಲೆ ಕೂತರೂ ಮುಟ್ಟುವುದಿಲ್ಲ. ಹೊಸದಾಗಿ ಬಂದ ಸೊಸೆಯರು ಮುಖ ಮುಖ ನೋಡಿಕೊಳ್ಳುತ್ತಾರೆ. ಹಳಬರು ಅವರನ್ನು ಒಳಗೆ ಕರೆದು, "ತಬ್ರೀಜಿಗೆ ಓದೋಕೆ ಹೋಗಿ ಬಂದ್ಮೇಲೆ ಹಾಗಾಗಿದ್ದಾಳೆ ಕಣೇ, ಬೇಜಾರು ಮಾಡ್ಕೋಬೇಡ" ಅನ್ನುತ್ತಾರೆ.

ತಬ್ರೀಜ್ ಪಾಪ ಏನೂ ಮಾಡಲಿಲ್ಲ. ಅವಳು ಹಾಗಾದದ್ದು ತಬ್ರೀಜಿನ ಬಸ್ಸು ಹತ್ತುವುದಕ್ಕೆ ಮೊದಲೇ, ಹಾಜಿ ಬೆಮಾನಲಿಯ ಮಿಠಾಯಿ ಅಂಗಡಿಯಲ್ಲಿ.

ತೂಬಾಳ ಅಪ್ಪ ಉಸ್ತಾ ರಂಜಾನ್. ನೆಲದಡಿಯ ನೀರುಕಾಲುವೆ ತೋಡುವವನು. ಬೆಟ್ಟದ ಬುಡದಿಂದ ಊರಿನವರೆಗೆ ಮಣ್ಣಿನೊಳಗೇ ಸುರಂಗ ಕೊರೆದು ನೀರು ತರುವ ಕಸುಬು ಅದು. ಇಳಿಯುವಾಗ ಬಿಳಿ ಬಟ್ಟೆಯನ್ನೇ ಹಾಕಿಕೊಳ್ಳುವುದು. ಒಳಗೆ ಮಣ್ಣು ಕುಸಿದರೆ ಅದೇ ಹೆಣಕ್ಕೆ ಹೊದಿಸುವ ಕಫನ್ ಆಗಲಿ ಎಂದು. ಅಪ್ಪ ಸಂಜೆ ಮನೆಗೆ ಬಂದಾಗ ಬಿಳಿ ಬಟ್ಟೆ ಇಟ್ಟಿಗೆ ಬಣ್ಣ ಆಗಿರುತ್ತಿತ್ತು. ಪುಟ್ಟ ತೂಬಾ ಅದನ್ನು ಕೊಡವುತ್ತ ಕೇಳುವಳು.

"ನೀರು ಎಲ್ಲಿಂದ ಬರುತ್ತೆ ಅಪ್ಪಾ?"

"ಬೆಟ್ಟದಿಂದ."

"ಬೆಟ್ಟಕ್ಕೆ ಎಲ್ಲಿಂದ ಬರುತ್ತೆ?"

"ನಿಮ್ಮಮ್ಮನ್ನ ಕೇಳು. ನಾನು ಬೆಟ್ಟ ದಾಟಿ ಹೋದೋನಲ್ಲ."

ಅಮ್ಮನಿಗೂ ಗೊತ್ತಿರಲಿಲ್ಲ. ಹಾಗಾಗಿ ಹುಡುಗಿ ದೊಡ್ಡವಳಾಗಿ ಭೂವಿಜ್ಞಾನದಲ್ಲಿ ಬಿ.ಎಸ್ಸಿ. ಓದಿದಳು, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೇಡಂ ಆದಳು. ಆದರೂ ಪ್ರಶ್ನೆ ಬಗೆಹರಿಯಲಿಲ್ಲ. ಅಷ್ಟರಲ್ಲಿ ಊರ ಸುತ್ತ ಪಂಪಿನ ಆಳಬಾವಿಗಳು ಎದ್ದಿದ್ದವು. ಅಪ್ಪ ತೋಡಿದ ಕಾಲುವೆಗಳಲ್ಲಿ ನೀರು ಮೊಣಕಾಲಿನಿಂದ ಹಿಮ್ಮಡಿಗೆ ಇಳಿದಿತ್ತು. ಅಂತರ್ಜಲದ ಮೇಲೆ ಎಂ.ಎಸ್ಸಿ. ಮಾಡಲೇಬೇಕು ಅನ್ನುವ ಹಟ ಅವಳಲ್ಲಿ ಹುಟ್ಟಿದ್ದು ಆಗ.

ಹಟ ಇದ್ದರೆ ಸಾಲದು. ನಡುವೆ ಕೊಂಕೂರ್ ಇತ್ತು.

ಎಂ.ಎಸ್ಸಿ.ಗೆ ಸೇರಬೇಕಾದರೆ ಇಡೀ ದೇಶಕ್ಕೆ ಒಂದೇ ಪ್ರವೇಶ ಪರೀಕ್ಷೆ. ಒಂದು ಪ್ರಶ್ನೆ, ನಾಲ್ಕು ಉತ್ತರ, ಮೆತ್ತನೆಯ ಪೆನ್ಸಿಲಿನಿಂದ ಒಂದು ಚೌಕವನ್ನು ಕಪ್ಪು ಮಾಡಬೇಕು. ತಪ್ಪು ಮಾಡಿದರೆ ಇದ್ದ ಅಂಕವೂ ಕಳೆದುಹೋಗುತ್ತದೆ. ಚಳಿಗಾಲ ಮುಗಿಯುವ ಇಸ್ಫಂದ್ ತಿಂಗಳಲ್ಲಿ ಪರೀಕ್ಷೆ. ಲಕ್ಷಗಟ್ಟಲೆ ಜನ ಕೂರುತ್ತಾರೆ, ಸೀಟು ಬೊಗಸೆಯಷ್ಟು. ತೂಬಾ ಆಗಲೇ ಎರಡು ಸಲ ಕೂತು ಎರಡು ಸಲವೂ ಜಾರಿದ್ದಳು.

ಮೂರನೇ ಸಲಕ್ಕೆ ಜೊತೆಯಾದವಳು ಮಹೀನ್. ಅದೇ ಶಾಲೆಯ ಮೇಡಂ, ಅದೇ ವಿಷಯ, ಹೆಚ್ಚೂ ಕಮ್ಮಿ ಅದೇ ವಯಸ್ಸು. ಗಂಡ ಲಾರಿ ಓಡಿಸುತ್ತಿದ್ದವನು ಕೆರ್ಮಾನ್ ರಸ್ತೆಯಲ್ಲಿ ಅಪಘಾತವಾಗಿ ತೀರಿಕೊಂಡಿದ್ದ. ಸಮಾನೆ ಎಂಬ ಪುಟ್ಟ ಮಗಳನ್ನು ಇಟ್ಟುಕೊಂಡು ಅತ್ತೆ ಮನೆಯಲ್ಲಿದ್ದಳು. ಅತ್ತೆಯನ್ನು ಬೀದಿಯೆಲ್ಲ ಬೀಬಿ ಅನ್ನುತ್ತಿತ್ತು. ಬೀಬಿಯ ದನಿ ಕೇಳಿದರೆ ಮಾಳಿಗೆ ಮೇಲಿನ ಪಾರಿವಾಳ ಕೂಡ ಸಾಲಾಗಿ ಕೂರುತ್ತಿದ್ದವು.

ಗೆಳತಿಯರಿಬ್ಬರೂ ಓದುತ್ತಿದ್ದದ್ದು ತೂಬಾಳ ಮನೆಯ ನೆಲಮಾಳಿಗೆಯಲ್ಲಿ. ಮೆಟ್ಟಿಲಿಳಿದು ಹೋದರೆ ಕೊನೆಯಲ್ಲಿ ಕಾಲುವೆಯ ನೀರು, ಗಾಳಿ ಹಿಡಿಯಲು ಮೇಲೆ ಕಟ್ಟಿದ ಗೋಪುರದಿಂದ ತಣ್ಣನೆ ಗಾಳಿ. ಹೊರಗೆ ಕಾಗೆ ಕೂಡ ಹಾರಲಾರದ ಬಿಸಿಲಿರುವಾಗ ಇವರು ನೀರಿನಲ್ಲಿ ಕಾಲು ಇಳಿಬಿಟ್ಟು, ತೊಡೆ ಮೇಲೆ ಪುಸ್ತಕ ಹರಡಿಕೊಂಡು ಕೂರುತ್ತಿದ್ದರು. ಟೆಹ್ರಾನಿನ ಹಳೆ ಪುಸ್ತಕದ ಅಂಗಡಿಯಿಂದ ತರಿಸಿದ ಪ್ರಶ್ನೆಪುಸ್ತಕ. ಹಿಂದೆ ಓದಿದ ಯಾರೋ ಪುಣ್ಯಾತ್ಮ ಎಲ್ಲ ಉತ್ತರಕ್ಕೂ ಗುರುತು ಹಾಕಿದ್ದ, ಅರ್ಧ ತಪ್ಪು. ಹಾಗಾಗಿ ಅವನ ಮೇಲೆ ಜಗಳ ಆಡುತ್ತಲೇ ಇಬ್ಬರೂ ಕಲಿತರು.

ಒಬ್ಬಳು ಪ್ರಶ್ನೆ ಓದುವಳು. ಉತ್ತರ ಇಬ್ಬರಿಗೂ ಗೊತ್ತು. ಆದರೆ ಹೇಳುವುದು ಯಾರು?

"ನೀನೇ ಹೇಳು ಮಹೀನ್ ಜಾನ್."

"ಅಯ್ಯೋ, ನೀನಿರೋವಾಗ ನಾನಾ? ಹೇಳು ಹೇಳು."

"ಛೆ, ನಿನ್ನ ಮುಂದೆ ನನಗೇನು ಗೊತ್ತು."

ಮೇಲಿನಿಂದ ಉಸ್ತಾ ರಂಜಾನ್ ಕೂಗುತ್ತಿದ್ದ. "ಏ ಹುಡುಗೀರಾ, ಪರೀಕ್ಷೆ ದಿನಾನೂ ಹೀಗೆ ಅಂತೀರೇನು? 'ನೀವು ಮೊದಲು ತುಂಬಿ ಖಾನಮ್', 'ಇಲ್ಲ, ನೀವು ಮೊದಲು'? ಗಂಟೆ ಹೊಡೆದುಬಿಡ್ತಾರೆ!"

ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ತೂಬಾಳ ಅಮ್ಮ ಸಕೀನೆ ಕಲ್ಲಂಗಡಿ ಹೆಚ್ಚಿ ತಟ್ಟೆಯನ್ನು ಹಗ್ಗದಲ್ಲಿ ಇಳಿಬಿಡುತ್ತಿದ್ದಳು. ಕೊನೆಯ ಹೋಳು ತಟ್ಟೆಯಲ್ಲೇ ಉಳಿದು ಬೆಚ್ಚಗಾಗುತ್ತಿತ್ತು. ಇವಳು ಅವಳಿಗೆ ಅಂತ, ಅವಳು ಇವಳಿಗೆ ಅಂತ.

ಆ ವರ್ಷ ಇಬ್ಬರೂ ಬರೆದರು, ಇಬ್ಬರೂ ದಾಟಿದರು. ಮೊದಲ ಸುತ್ತಿನ ಫಲಿತಾಂಶದಲ್ಲಿ 'ಅರ್ಹರು' ಅಂತ ಮಾತ್ರ ಇತ್ತು. ಯಾರು ಮುಂದೆ, ಯಾರು ಹಿಂದೆ ಎಂದು ತಿಳಿಯುವ ಹಾಗಿರಲಿಲ್ಲ. ಇನ್ನು ಯಾವ ಊರಿನ ಸೀಟು ಬೇಕು ಅಂತ ಬರೆದು ಟೆಹ್ರಾನಿಗೆ ಅಂಚೆಯಲ್ಲಿ ಕಳಿಸಬೇಕು. ಸಿಕ್ಕಿದ ಊರಿಗೆ ಹೋಗಬೇಕು. ಆ ವರ್ಷವೇ ಯಜ್ದ್‌ನಲ್ಲೂ ಅಂತರ್ಜಲದ ಎಂ.ಎಸ್ಸಿ. ಹೊಸದಾಗಿ ಶುರುವಾಗಿತ್ತು. ಹೆಂಗಸರಿಗೆ ಅಲ್ಲಿದ್ದದ್ದು ಒಂದೇ ಸೀಟು.

ತೂಬಾ ಬರೆಯಲು ಕೂತಳು. ಯಜ್ದ್ ಅಂತ ಬರೆಯಲು ಪೆನ್ನು ಎತ್ತಿದಳು, ಎತ್ತಿದ ಪೆನ್ನು ಹಾಗೇ ನಿಂತಿತು. ಮಹೀನ್ ಈ ಊರು ಬಿಟ್ಟು ಎಲ್ಲಿಗೆ ಹೋಗುತ್ತಾಳೆ? ಬೀಬಿ ಮೊಮ್ಮಗಳನ್ನು ಹೊಸಿಲು ದಾಟಿಸುತ್ತಾಳೆಯೇ? ನನಗೇನು, ಒಂಟಿ ಜೀವ. ಅಮ್ಮ ನಾಲ್ಕು ದಿನ ಅಳುತ್ತಾಳೆ, ಆಮೇಲೆ ಸುಮ್ಮನಾಗುತ್ತಾಳೆ. ನಾನು ಯಜ್ದ್ ಬರೆದು ಅವಳಿಗಿಂತ ಒಂದು ಅಂಕ ಮುಂದಿದ್ದರೆ ಅವಳ ಬಾಯಿಂದ ಅನ್ನ ಕಿತ್ತುಕೊಂಡ ಹಾಗೆ. ಬರೆಯಲಿಲ್ಲ. ತಬ್ರೀಜ್ ಮೊದಲು, ಶಿರಾಜ್ ಆಮೇಲೆ. ಯಜ್ದ್ ಎಲ್ಲಿಯೂ ಇಲ್ಲ.

ಮರುದಿನ ಶಾಲೆಯ ಜಗಲಿಯಲ್ಲಿ ಮಹೀನ್ ಸಿಕ್ಕಳು.

"ಬರೆದು ಕಳಿಸಿದ್ಯಾ?"

"ಕಳಿಸ್ದೆ."

"ಯಾವುದು ಮೊದಲು?"

"ಯಜ್ದೇ. ಮತ್ತಿನ್ನೇನು?" ಅಂದಳು ತೂಬಾ. ಇಲ್ಲದಿದ್ದರೆ ಅವಳು ನೊಂದುಕೊಳ್ಳುತ್ತಾಳೆ, ನನಗೋಸ್ಕರ ಬಿಟ್ಟೆಯಾ ಅಂತ ರಂಪ ಮಾಡುತ್ತಾಳೆ. "ನೀನು?"

"ನಾನೂ ಯಜ್ದೇ," ಅಂದಳು ಮಹೀನ್. "ದೇವರು ಯಾರಿಗೆ ಇಟ್ಟಿದ್ದಾನೋ ನೋಡೋಣ."

ಇಬ್ಬರೂ ನಕ್ಕರು. ತೂಬಾಳ ಎದೆ ಹಗುರವಾಯಿತು. ಮಹೀನಳದ್ದೂ ಹಗುರವಾದ ಹಾಗೆ ಕಂಡಿತು. ಯಾಕೆಂದು ತೂಬಾ ಯೋಚಿಸಲಿಲ್ಲ.

ಬೇಸಿಗೆಯ ಕೊನೆಗೆ ಕಡೆಯ ಫಲಿತಾಂಶ ಬಂತು. ತೂಬಾಳಿಗೆ ತಬ್ರೀಜ್. ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಮೊದಲು ಮಹೀನಳ ಬಾಯಿ ಸಿಹಿ ಮಾಡೋಣ ಎಂದು ಚಾದರ ಹೊದ್ದು ನೇರ ಹಾಜಿ ಬೆಮಾನಲಿಯ ಅಂಗಡಿಗೆ ಹೋದಳು. ಬಾದಾಮಿ ತುಂಬಿ ಕರಿದ ಕೊತ್ತಾಬ್ ಒಂದು ಪೆಟ್ಟಿಗೆ ಕಟ್ಟಿಸುತ್ತಿದ್ದಳು. ಪಕ್ಕದಲ್ಲಿ ಇನ್ನೊಂದು ಚಾದರ ಬಂದು ನಿಂತು, "ಹಾಜಿ ಆಗಾ, ಒಂದು ಪೆಟ್ಟಿಗೆ ಕೊತ್ತಾಬ್, ಒಳ್ಳೇದು ನೋಡಿ ಹಾಕಿ, ನಮ್ಮ ಸ್ನೇಹಿತೆಗೆ ಸೀಟು ಸಿಕ್ಕಿದೆ" ಅಂದಿತು.

ತಿರುಗಿ ನೋಡಿದರೆ ಮಹೀನ್.

"ಮುಬಾರಕ್ ಕಣೇ!" ಅಂದಳು ತೂಬಾ.

"ನನಗ್ಯಾಕೆ? ನಿನಗೆ ಮುಬಾರಕ್!" ಅಂದಳು ಮಹೀನ್.

"ಹೋಗೇ, ಇಲ್ಲೂ ನಿನ್ನ ತಾರೋಫಾ? ಯಜ್ದ್ ಸಿಕ್ಕಿದೆ, ಬಾಯಿ ತುಂಬ ಹೇಳ್ಕೋ."

"ಯಜ್ದ್ ನಿನಗಲ್ವಾ ಸಿಕ್ಕಿರೋದು?"

"ನನಗೆ ತಬ್ರೀಜ್."

"ನನಗೆ ಅಹ್ವಾಜ್," ಅಂದಳು ಮಹೀನ್.

ಹಾಜಿ ಬೆಮಾನಲಿ ಎರಡೂ ಪೆಟ್ಟಿಗೆಗೆ ದಾರ ಸುತ್ತುತ್ತಿದ್ದವನು ಹಾಗೇ ನಿಂತ. ಬಾಣಲೆಯಲ್ಲಿ ಎಣ್ಣೆ ಚಿಟಪಟ ಅನ್ನುತ್ತಿತ್ತು.

"ಯಜ್ದ್ ಬರೆದೆ ಅಂದ್ಯಲ್ಲ?" ಅಂದಳು ತೂಬಾ.

"ನೀನೂ ಅಂದ್ಯಲ್ಲ?"

"ನಿನಗೆ ಮಗು ಇದೆ, ಬೀಬಿ ಬಿಡಲ್ಲ ಅಂತ..."

"ನಿಮ್ಮಮ್ಮ ಮದುವೆಯಾಗದ ಮಗಳನ್ನ ಪರ ಊರಿಗೆ ಕಳಿಸ್ತಾರಾ ಅಂತ ನಾನು... ಹೇಗೋ ಬೀಬೀನ ಒಪ್ಪಿಸಿ ಮಗೂನ ಕರ್ಕೊಂಡು ಹೋಗ್ತೀನಿ ಅಂತ..." ಮಹೀನಳ ದನಿ ಏರಿತು. "ಒಂದು ಮಾತು ಕೇಳ್ಬಾರ್ದಿತ್ತೇನೇ ನನ್ನ?"

"ನೀನು ಕೇಳಿದ್ಯಾ?"

"ಯಾರು ಹೇಳಿದ್ರು ನಿನಗೆ ನನ್ನ ಮೇಲೆ ಕರುಣೆ ತೋರಿಸು ಅಂತ?"

"ನಿನಗ್ಯಾರು ಹೇಳಿದ್ರು?"

ಹಾಜಿ ಬೆಮಾನಲಿ ಗಂಟಲು ಸರಿ ಮಾಡಿಕೊಂಡ. "ಹಾಗಾದ್ರೆ ತಾಯಂದಿರಾ, ಆ ಯಜ್ದ್ ಸೀಟು ಯಾರಿಗೆ ಹೋಯ್ತು?"

ಇಬ್ಬರಿಗೂ ಗೊತ್ತಿರಲಿಲ್ಲ.

ಪೆಟ್ಟಿಗೆಗಳನ್ನು ಬದಲಾಯಿಸಿಕೊಳ್ಳಲೂ ಇಲ್ಲ. ಇವಳ ಪೆಟ್ಟಿಗೆ ಇವಳು, ಅವಳ ಪೆಟ್ಟಿಗೆ ಅವಳು ಹಿಡಿದು ಬೀದಿಯ ಆ ಕಡೆಗೊಬ್ಬಳು, ಈ ಕಡೆಗೊಬ್ಬಳು ಹೋದರು. ತೂಬಾ ದಾರಿಯಲ್ಲೇ ಗೋಡೆ ನೆರಳಿಗೆ ನಿಂತು ದಾರ ಬಿಚ್ಚಿ ಒಂದು ಕೊತ್ತಾಬ್ ಬಾಯಿಗೆ ಹಾಕಿಕೊಂಡಳು. ಆಮೇಲೆ ಇನ್ನೊಂದು. ಸಕ್ಕರೆ ಪುಡಿ ಚಾದರದ ಮೇಲೆಲ್ಲ ಉದುರಿತು. ಯಾರ ಒತ್ತಾಯವೂ ಇಲ್ಲದೆ ಅವಳು ಸಿಹಿ ತಿಂದದ್ದು ಜೀವಮಾನದಲ್ಲಿ ಅದೇ ಮೊದಲು.

ಮನೆಯಲ್ಲಿ ಸಕೀನೆ ತಬ್ರೀಜ್ ಹೆಸರು ಕೇಳಿದ್ದೇ ನೆಲಕ್ಕೆ ಕೂತುಬಿಟ್ಟಳು. "ಅಷ್ಟು ದೂರ! ಆ ಹಿಮದಲ್ಲಿ! ಅವರ ಮಾತು ತುರ್ಕಿ, ನಿನ್ನ ಹಸಿವು ಬಾಯಾರಿಕೆ ಯಾರಿಗೆ ತಿಳಿಯುತ್ತೆ? ನಾನು ಕಳಿಸಲ್ಲ."

ಹಿಂದಿನ ತೂಬಾ ಆಗಿದ್ದರೆ ನೀನು ಹೇಳಿದ ಹಾಗೆ ಅಮ್ಮಾ ಅನ್ನುತ್ತಿದ್ದಳು. ಈಗ, "ನಾನು ಹೋಗ್ಬೇಕು ಅಮ್ಮಾ. ನನಗೆ ಬೇಕು," ಅಂದಳು. ಅಮ್ಮ ಅಳು ನಿಲ್ಲಿಸಿ ಮಗಳ ಮುಖ ನೋಡಿದಳು, ಯಾರೋ ಬೇರೆಯವರ ಮಗಳೇನೋ ಅನ್ನುವ ಹಾಗೆ.

ಮೂಲೆಯಲ್ಲಿ ಕೂತು ಚಹಾಕ್ಕೆಂದು ಸಕ್ಕರೆ ಅಚ್ಚು ಒಡೆಯುತ್ತಿದ್ದ ಉಸ್ತಾ ರಂಜಾನ್ ಆಗ ಬಾಯಿ ಬಿಟ್ಟ. "ಸಕೀನೆ, ನಾನು ದಿನಾ ಬೆಳಿಗ್ಗೆ ಕಫನ್ ಹಾಕ್ಕೊಂಡು ನೆಲದೊಳಗೆ ಇಳಿದೆ. ನೀನು ಒಂದು ದಿನಾನಾದ್ರೂ ನಿಲ್ಲಿಸಿದ್ಯಾ? ಬುತ್ತಿ ಕಟ್ಟಿ ಕಳಿಸಿದೆ. ತಬ್ರೀಜ್ ನೆಲದ ಮೇಲೇ ಇದೆ ಮಾರಾಯ್ತಿ."

ಅಲ್ಲಿಗೆ ತೂಬಾಳದ್ದು ಇತ್ಯರ್ಥವಾಯಿತು.

ಮಹೀನಳದ್ದು ಆಗಲಿಲ್ಲ. ಅವಳು ಬೀಬಿಯನ್ನು ಕೇಳಿದಳಂತೆ. ಬೀಬಿ, "ನನ್ನ ಮಗ ಹೋದ. ಇರೋದು ಈ ಮಗು ಒಂದು. ನೀನು ಬೇಕಾದ್ರೆ ಹೋಗು, ಮಗು ಇಲ್ಲೇ ಇರ್ಲಿ" ಅಂದಳಂತೆ. ಮಹೀನ್ ನೀವು ಹೇಳಿದ ಹಾಗೆ ಎಂದು ಒಳಗೆ ಹೋದಳಂತೆ. ಅಹ್ವಾಜ್ ಸೀಟು ಬಿಟ್ಟಳು. ಸಿಕ್ಕ ಸೀಟು ಬಿಟ್ಟವರು ಮರುವರ್ಷ ಪರೀಕ್ಷೆಗೆ ಕೂರುವಂತಿಲ್ಲ ಎಂಬ ನಿಯಮ ಬೇರೆ ಇತ್ತು.

ಇನ್ನು ಆ ಯಜ್ದ್ ಸೀಟಿನ ಸಂಗತಿ. ಬೇಸಿಗೆ ಕಳೆದು ಕಾಲೇಜು ಶುರುವಾಗುವ ಮೆಹ್ರ್ ತಿಂಗಳ ಮೊದಲ ವಾರ, ತೂಬಾ ಪೆಟ್ಟಿಗೆ ಕಟ್ಟುತ್ತಿರುವಾಗಲೇ, ಬಾಗಿಲು ಬಡಿದ ಸದ್ದಾಯಿತು. ದುಂಡು ಮುಖದ ಒಬ್ಬ ಹುಡುಗಿ, ಕೈಯಲ್ಲಿ ಕೊಡೆ. ಕಾಸ್ಪಿಯನ್ ಕಡಲ ಕಡೆಯ ರಶ್ತ್ ಊರಿನವಳು, ಫಿರೂಜೆ ಅಂತ. ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ, ಬಾಡಿಗೆಗೆ ಕೋಣೆ ಇದೆಯೇ ಅಂತ ಕೇಳಿ ಬಂದಿದ್ದಳು.

"ಯಾವ ವಿಷಯ ತಾಯಿ?" ಕೇಳಿದಳು ಸಕೀನೆ.

"ಅಂತರ್ಜಲ ಅತ್ತೆ. ಯಜ್ದ್ ನಾನು ಕಟ್ಟಕಡೇಗೆ ಬರೆದಿದ್ದೆ, ಫಾರಂನಲ್ಲಿ ಜಾಗ ಖಾಲಿ ಇತ್ತು ಅಂತ. ಯಾರಾದ್ರೂ ಇಲ್ಲಿಗೆ ಬರ್ತಾರಾ! ನನ್ನ ಗ್ರಹಚಾರ." ಹುಡುಗಿ ಅಂಗಳದಲ್ಲಿ ನಿಂತು ಆಕಾಶ ನೋಡಿದಳು. "ನಿಮ್ಮೂರಲ್ಲಿ ಮೋಡಾನೇ ಇಲ್ವಾ?"

ತೂಬಾ ನಗಬೇಕೋ ಅಳಬೇಕೋ ತಿಳಿಯದೆ ಕೊಡೆಯನ್ನು ಅವಳ ಕೈಯಿಂದ ಇಸಿದುಕೊಂಡು ಮೂಲೆಗಿಟ್ಟಳು. ಅಮ್ಮ ಚಹಾ ತಂದರೆ ಆ ಹುಡುಗಿ ಮೊದಲ ಮಾತಿಗೇ ತಗೊಂಡು ಕುಡಿದು, "ಇನ್ನೊಂದು ಲೋಟ ಇದೆಯಾ ಅತ್ತೆ?" ಅಂದಳು. ಮಗಳ ಕೋಣೆ ಅವಳಿಗೆ ಸಿಕ್ಕಿತು, ಮಗಳ ದಿಂಬೂ ಸಿಕ್ಕಿತು. ಸಕೀನೆಯ ತೊಡೆ ಮೇಲೆ ತಲೆ ಇಟ್ಟು ಅಳುವ ಹಕ್ಕು ಕೂಡ ಅವಳಿಗೇ ಸಿಕ್ಕಿತು ಅಂತ ಆಮೇಲೆ ತಬ್ರೀಜಿಗೆ ಸುದ್ದಿ ಹೋಯಿತು.

ತೂಬಾ ಹೊರಡುವ ದಿನ ಅಮ್ಮ ಅವಳನ್ನು ಕುರಾನಿನ ಅಡಿಯಿಂದ ದಾಟಿಸಿ, ಹೋದವಳು ಸುಖವಾಗಿ ಮರಳಲಿ ಎಂದು ಹಿಂದಿನಿಂದ ಬಾಗಿಲಿಗೆ ನೀರು ಚೆಲ್ಲಿದಳು. ಬಸ್ ನಿಲ್ದಾಣದಲ್ಲಿ ಮಹೀನ್ ಬಂದು ನಿಂತಿದ್ದಳು. ಮಿಠಾಯಿ ಅಂಗಡಿಯ ಬಳಿಕ ಇಬ್ಬರೂ ಮಾತಾಡಿರಲಿಲ್ಲ.

"ಚಳಿಗೆ ಇರ್ಲಿ," ಎಂದು ಒಂದು ಉಣ್ಣೆಯ ಶಾಲು ಕೊಟ್ಟಳು.

ತೂಬಾ ಬೇಡ ಅನ್ನಲಿಲ್ಲ, ಸುತ್ತಿಕೊಂಡಳು. ಆ ಸೆಕೆಯಲ್ಲಿ, ಆ ಬಿಸಿಲಿನಲ್ಲಿ. ಮಹೀನ್ ಅಳುತ್ತಲೇ ನಕ್ಕಳು.

ತಬ್ರೀಜಿನ ವರ್ಷಗಳು ಹೋದವು. ಹಿಮ, ತುರ್ಕಿ ಮಾತು, ಅವಳ ಯಜ್ದೀ ಉಚ್ಚಾರ ಕೇಳಿ ನಗುವ ಬೇಕರಿಯವನು, ಕೊನೆಗೂ ಬೆಟ್ಟಕ್ಕೆ ನೀರು ಎಲ್ಲಿಂದ ಬರುತ್ತದೆ ಅನ್ನುವುದರ ಲೆಕ್ಕ. ಓದು ಮುಗಿಸಿ ಊರಿಗೆ ಬಂದು ನೀರಾವರಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಫಿರೂಜೆಯೂ ಓದು ಮುಗಿಸಿ ತನ್ನ ಮಳೆಯೂರಿಗೆ ಹೋಗಿದ್ದಳು. ಮಹೀನ್ ಮಾತ್ರ ಅದೇ ಶಾಲೆ, ಅದೇ ಜಗಲಿ.

ಒಂದು ಸಂಜೆ ತೂಬಾ ಅವಳ ಮನೆಗೆ ಹೋದಳು. ಬೀಬಿ ಒಳಗೆ ನಮಾಜಿಗೆ ಕೂತಿದ್ದಳು, ನಡುವೆ ಒಂದು ಪರದೆ.

"ಈ ವರ್ಷ ಬರೀತೀಯಾ?" ಕೇಳಿದಳು ತೂಬಾ.

"ಹೋಗೇ, ವಯಸ್ಸಾಯ್ತು ನನಗೆ."

"ಬರೀತೀಯಾ?"

"ಮಗು ಶಾಲೆಗೆ ಹೋಗ್ತಿದ್ದಾಳೆ, ಮನೆ ಕೆಲಸ ಯಾರು ನೋಡ್ತಾರೆ?"

"ಬರೀತೀಯಾ ಮಹೀನ್?"

"ನನಗ್ಯಾಕೆ ಬಿಡು. ಹುಡುಗೀರು ಬರೀಲಿ."

"ಮೂರು ಸಲ ಬೇಡ ಅಂದಾಯ್ತು," ಅಂದಳು ತೂಬಾ. "ತಾರೋಫ್ ಮುಗೀತು. ಈಗ ನಿಜ ಹೇಳು. ಬೇಕಾ, ಬೇಡವಾ?"

ಮಹೀನ್ ಚಾದರದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಯಾರದ್ದೋ ವಸ್ತು ಕದಿಯುವವಳ ಹಾಗೆ, "ಬೇಕು" ಅಂದಳು.

ಪರದೆ ಸರ್ರನೆ ಸರಿಯಿತು. ಜಪಮಾಲೆ ಹಿಡಿದು ಬೀಬಿ ನಿಂತಿದ್ದಳು.

"ಬೇಕು ಅಂತ ಇವಳಿಗೆ ಹೇಳ್ತೀಯಾ?" ಬೀಬಿಯ ದನಿಗೆ ಹೊರಗೆ ಪಾರಿವಾಳ ಎದ್ದವು. "ನನಗೆ ಯಾವತ್ತಾದ್ರೂ ಹೇಳಿದ್ಯಾ?"

"ಕೇಳಿದ್ನಲ್ಲ ಬೀಬಿ ಅವತ್ತು... ಅಹ್ವಾಜಿಗೆ..."

"ಒಂದು ಸಲ ಕೇಳಿದೆ! ನಾನು ಇಲ್ಲ ಅಂದೆ. ನೀನು 'ನೀವು ಹೇಳಿದ ಹಾಗೆ' ಅಂತ ಒಳಗೆ ಹೋದೆ. ಒಂದು ಸಲ ಕೇಳಿ ಹೋಗೋರು ಕೇಳ್ದಂಗಾ? ಮನೆಗೆ ಬಂದ ಅಳಿಯ ಒಂದು ಲೋಟ ಚಹಾಕ್ಕೆ ಮೂರು ಸಲ ಬೇಡ ಅಂತಾನೆ, ನಾನು ನನ್ನ ಮೊಮ್ಮಗಳನ್ನ ಒಂದೇ ಸಲಕ್ಕೆ ಬಿಟ್ಟುಕೊಡ್ಲಾ? ಎರಡನೇ ಸಲ ಕೇಳ್ತಾಳೆ ಅಂತ ರಾತ್ರಿಯೆಲ್ಲ ಕಾದೆ ಕಣೇ. ಮೂರನೇ ಸಲ ಕೇಳಿದ್ರೆ ನಾನೇ ಮಗೂನ ಎತ್ಕೊಂಡು ಅಹ್ವಾಜಿಗೆ ಬರ್ತಿದ್ದೆ. ಅಲ್ಲಿ ಮೀನು ಚೆನ್ನಾಗಿರುತ್ತಂತೆ."

ಕಳೆದುಹೋದ ವರ್ಷಗಳು ಆ ಕೋಣೆಯ ನಡುವೆ ಬಂದು ಕೂತ ಹಾಗಿತ್ತು. ಬೀಬಿಯೇ ಮೊದಲು ಕಣ್ಣೊರೆಸಿಕೊಂಡಳು. "ಕೂತ್ಕೊಂಡು ಓದು ಹೋಗು. ಶೂಲಿ ಸಾರು ಮಾಡ್ತೀನಿ ಇಬ್ರಿಗೂ," ಎಂದು ಅಡಿಗೆ ಮನೆಗೆ ಹೋದಳು. ಆ ಸಂಜೆ ಸಾರಿಗೆ ವಿನೆಗರ್ ಜಾಸ್ತಿಯಾಗಿತ್ತು. ಯಾರೂ ಹೇಳಲಿಲ್ಲ.

ಮತ್ತೆ ನೆಲಮಾಳಿಗೆ, ಮತ್ತೆ ಅದೇ ಪುಸ್ತಕ. ನೀರು ಇನ್ನೂ ಇಳಿದಿತ್ತು. ಕಾಲು ತಾಗಬೇಕಾದರೆ ಇನ್ನೂ ಎರಡು ಮೆಟ್ಟಿಲು ಕೆಳಗೆ ಕೂರಬೇಕಿತ್ತು. ಈಗ ತೂಬಾ ಪ್ರಶ್ನೆ ಓದುವಳು, ಮಹೀನ್ ಉತ್ತರ ಹೇಳಲೇಬೇಕು, ನೀನು ಹೇಳು ಅನ್ನುವಂತಿಲ್ಲ. ಅಂದರೆ ತೂಬಾ ಅವಳ ಮುಖಕ್ಕೆ ನೀರು ಎರಚುತ್ತಿದ್ದಳು. ಊರು ಬರೆಯುವ ದಿನ ಮಹೀನ್ ಒಂದೇ ಒಂದು ಊರು ಬರೆದಳು, ಯಜ್ದ್.

ಆ ಸೀಟು ಅವಳಿಗೆ ಬಂದದ್ದು ಬೇಸಿಗೆಯಲ್ಲಿ. ಬೀಬಿ ಬೀದಿಯೆಲ್ಲ ಮಿಠಾಯಿ ಹಂಚಿ, ನನ್ನ ಸೊಸೆಯನ್ನು ನಾನೇ ಓದಿಸಿದೆ ಅಂತ ಹೇಳಿಕೊಂಡು ತಿರುಗಿದಳು. ಯಾರೂ ಅಲ್ಲಗಳೆಯುವ ಧೈರ್ಯ ಮಾಡಲಿಲ್ಲ. ಆದರೆ ತೂಬಾಳಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗೆ ಇರುವುದು ಆ ದಿನವಲ್ಲ. ಅದಕ್ಕೆ ಮುಂಚೆ, ಪರೀಕ್ಷೆಯ ಶುಕ್ರವಾರ ಬೆಳಿಗ್ಗೆ.

ಗೇಟಿನ ಹೊರಗೆ ಚಳಿಗಾಲದ ಎಳೆ ಬಿಸಿಲು. ಪಾದಚಾರಿ ದಾರಿಯುದ್ದಕ್ಕೂ ತಾಯಂದಿರು ಕಂಬಳಿ ಹಾಸಿಕೊಂಡು ಕೂತು ತುಟಿ ಅಲ್ಲಾಡಿಸುತ್ತಿದ್ದಾರೆ. ಬೀಬಿ ಎಲ್ಲರಿಗಿಂತ ಗಟ್ಟಿಯಾಗಿ ಜಪ ಮಾಡುತ್ತಿದ್ದಾಳೆ, ದೇವರಿಗೆ ಕಿವಿ ಮಂದವೇನೋ ಅನ್ನುವ ಹಾಗೆ. ಸಮಾನೆ ತೂಬಾಳ ಶಾಲಿನೊಳಗೆ ತೂರಿಕೊಂಡು ಕೂತಿದ್ದಾಳೆ. ಗೇಟು ತೆರೆಯಿತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಬೆರಳೆಲ್ಲ ಪೆನ್ಸಿಲಿನ ಕಪ್ಪು ಮಾಡಿಕೊಂಡು ಜನ ಹೊರಬಂದರು. ಒಳಗೆ ನಡುವೆ ಎಲ್ಲರಿಗೂ ಒಂದು ಕೇಕು, ಒಂದು ಹಣ್ಣಿನ ರಸದ ಪೊಟ್ಟಣ ಕೊಡುತ್ತಾರೆ. ಮಹೀನ್ ತನ್ನದನ್ನು ತಿನ್ನದೆ ಮಗಳಿಗೆ ಅಂತ ತಂದಿದ್ದಳು.

ಪರೀಕ್ಷೆ ಮುಗಿಸಿ ಬಂದವರು ಅಲ್ಲಿ ಹೇಳುವುದು ಒಂದೇ. ಏನೂ ಬರೆಯೋಕೆ ಆಗಲಿಲ್ಲ, ಹಾಳು ಮಾಡಿಬಿಟ್ಟೆ, ನಮ್ಮ ಕೈಲಿ ಏನಾಗುತ್ತೆ. ಚೆನ್ನಾಗಿ ಬರೆದವರು ಇದನ್ನು ಇನ್ನೂ ಜೋರಾಗಿ ಹೇಳುತ್ತಾರೆ. ಬೀಬಿ ಎದ್ದು ನಿಂತು, ಆ ಮಾತಿಗೇ ಸಿದ್ಧಳಾಗಿ, ಸಮಾಧಾನದ ಮುಖ ಮಾಡಿಕೊಂಡು ಕೇಳಿದಳು. "ಹೇಗಾಯ್ತೇ?"

"ಚೆನ್ನಾಗಿ ಬರೆದೆ ಬೀಬಿ," ಅಂದಳು ಮಹೀನ್. "ಸೀಟು ನನ್ನದೇ."

ಸುತ್ತಲಿನ ತಾಯಂದಿರೆಲ್ಲ ತಿರುಗಿ ನೋಡಿದರು. ಬೀಬಿ ಗಾಬರಿಯಿಂದ ಸೊಸೆಯ ತೋಳು ಹಿಡಿದೆಳೆದಳು. "ಮೆಲ್ಲಗೆ ಹೇಳೇ, ದೃಷ್ಟಿ ತಾಗುತ್ತೆ! ಊರಿಗೆಲ್ಲ ಕೇಳುತ್ತೆ!"

"ಕೇಳಲಿ ಬಿಡಿ," ಅಂದಳು ಮಹೀನ್. ಮಗಳ ಕೈಗೆ ಕೇಕು ಕೊಡುತ್ತ, ಇನ್ನೂ ಗಟ್ಟಿಯಾಗಿ.